ಮುಖದ ಕೆಳಗೆ ನಂಬರು

ಸತ್ತವರ ಫೋಟೋ ಮಾಡುವುದರಲ್ಲಿ ನನಗೆ ನಮ್ಮ ತಾಲೂಕಿನಲ್ಲಿ ಹೆಸರಿದೆ. ಹಳೆಯ ಕಾರ್ಡಿನ ಮೇಲಿನ ಮಸುಕು ಮುಖ ತಂದುಕೊಟ್ಟರೂ ಸಾಕು, ಪಟಗಾ ಸುತ್ತಿ, ಕೋಟು ಹಾಕಿ, ಹಿಂದೆ ನೀಲಿ ಪರದೆ ಬಿಟ್ಟು, ಹಾರ ಹಾಕುವಂಥ ಫೋಟೋ ಮಾಡಿಕೊಡುತ್ತೇನೆ. ಆರನೆತ್ತೆಗೆ ಸಾಲಿ ಬಿಟ್ಟವನು ನಾನು. ರಾಯಚೂರಿನ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು, ದೇವದುರ್ಗದಲ್ಲಿ ಸ್ವಂತ ಅಂಗಡಿ ಹಾಕಿದೆ. ಮದುವೆ, ಕುಬುಸ, ಮನೆ ವಾಸ್ತು, ಯಾವುದಕ್ಕೂ ಇಲ್ಲ ಅಂದವನಲ್ಲ. ಯಾರ ಹಂಗಿನಲ್ಲೂ ಇಲ್ಲ.

ಆದರೆ ಒಂದು ಸಲ ನನ್ನ ಕೈಯಲ್ಲಿ ಆಗಲಿಲ್ಲ. ಕೂದಲು ವ್ಯಾಪಾರದ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದಳು. ನಮ್ಮ ಕಡೆ ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಸುತ್ತಿ ಗೋಡೆಯ ಸಂದಿಯಲ್ಲಿ ಇಟ್ಟಿರುತ್ತಾರೆ. ಅದನ್ನು ತೂಗಿ ತಗೊಂಡು ಸ್ಟೀಲಿನ ಬಟ್ಟಲೋ ಪಿನ್ನೋ ಕೊಟ್ಟು ಹೋಗುವ ವ್ಯಾಪಾರ ಅವಳದು. ಹರಣಶಿಕಾರಿ ಜನ. ಹಿಂದಿನವರು ಅಡವಿಯಲ್ಲಿ ಬೇಟೆ ಆಡಿಕೊಂಡು ತಿರುಗುತ್ತಿದ್ದರು, ಈಗಿನವರು ಕೂದಲು ವ್ಯಾಪಾರ, ಹತ್ತಿ ಬಿಡಿಸೋದು, ಮೆಣಸಿನಕಾಯಿ ಹರಿಯೋದು ಮಾಡುತ್ತಾರೆ. ಮಸರಕಲ್ ಆಚೆ ಕಲ್ಲುಗುಂಡುಗಳ ನಡುವೆ ಅವರ ಗುಡಿಸಲುಗಳಿದ್ದವು.

"ಅಣ್ಣಾರ, ಸತ್ತವರ್ದು ಫೋಟೋ ಮಾಡಿ ಕೊಡ್ತೀರಂತ. ನನ ಗಂಡಂದು ಬೇಕಾಗಿತ್ತು," ಅಂದಳು.

"ಹಳೇದೊಂದು ಫೋಟೋ ತಗೊಂಬಾ ಯಕ್ಕಾ. ಸಣ್ಣದಾದ್ರೂ ನಡೀತದ."

"ಒಂದೂ ಇಲ್ರೀ. ಅಂವ ಫೋಟೋಕ್ಕ ಹೆದರತಿದ್ದ."

ನನಗೆ ನಗು ಬಂತು. "ಕಾಡುಹಂದಿಗೆ ಹೆದರದವರು ಫೋಟೋಕ್ಕ ಹೆದರ್ತೀರೇನು?"

ಅವಳು ನಗಲಿಲ್ಲ. ಮೂಗು ಹಿಂಗಿತ್ತು, ಮೀಸೆ ಹಂಗಿತ್ತು ಅಂತ ಹೇಳುತ್ತ ಹೋದಳು. ನಾನೂ ಛಲ ಬಿಡದೆ ಒಬ್ಬರ ಕಣ್ಣು, ಇನ್ನೊಬ್ಬರ ಗದ್ದ ತಂದು ಕಂಪ್ಯೂಟರಿನಲ್ಲಿ ಜೋಡಿಸಿದೆ. ಅವಳು ಬಹಳ ಹೊತ್ತು ನೋಡಿ ಹೇಳಿದಳು: "ಚೊಲೋ ಅದಾನ್ರಿ ಇಂವ. ಆದ್ರ ನಮ್ಮಂವ ಅಲ್ಲ."

ಆ ಮಾತು ನನಗೆ ನಾಟಿತು. ನನ್ನ ತಾಲೂಕಿನಲ್ಲಿ ಒಂದು ಫೋಟೋವೂ ಇಲ್ಲದೆ ಮನುಷ್ಯ ಸಾಯುತ್ತಾನೆ ಅಂದರೆ ನಾನು ಅಂಗಡಿ ಹಾಕಿಕೊಂಡು ಕೂತದ್ದು ಯಾತಕ್ಕೆ? ಮುಂದಿನ ವಾರವೇ ಕ್ಯಾಮೆರಾ, ಎರಡು ಬಿದಿರು ಕೋಲು, ಮನೆಯ ಒಂದು ಬಿಳಿ ಬೆಡ್‌ಶೀಟು ಗಾಡಿಗೆ ಕಟ್ಟಿಕೊಂಡು ಮಸರಕಲ್ ಕಡೆ ಹೋದೆ.

ಮೊದಲ ಸಲ ಗಂಡಸರು ಯಾರೂ ಕಣ್ಣಿಗೆ ಬೀಳಲಿಲ್ಲ. ಮುದುಕರಂತೂ ಗುಡಿಸಲಿನೊಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಫೋಟೋ ತೆಗೆದರೆ ಆಯುಷ್ಯ ಕಡಿಮೆ ಆಗುತ್ತದೆ ಅನ್ನುವ ಮೂಢನಂಬಿಕೆ ಇರಬೇಕು ಅಂದುಕೊಂಡೆ. ಹಂಗೆ ಹೇಳುವವರು ಊರಲ್ಲೂ ಇದ್ದಾರಲ್ಲ. ಕೂದಲಿನ ಯಕ್ಕ ತನ್ನ ಸಣ್ಣ ಮಗಳನ್ನು ಎಳೆದುಕೊಂಡು ಬಂದು ಬೆಡ್‌ಶೀಟಿನ ಮುಂದೆ ಕುಂತಳು. ಅವರಿಬ್ಬರ ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟ ಮೇಲೆ ಹೆಂಗಸರು ಬಂದರು, ಆಮೇಲೆ ಹುಡುಗರು, ಆಮೇಲೆ ಗಂಡಸರು. ಪ್ರತಿ ವರ್ಷ ಮದುವೆಯ ಸುಗ್ಗಿ ಮುಗಿದ ಮೇಲೆ ಹೋಗುವುದು ರೂಢಿಯಾಯಿತು. ಹೋಗುವಾಗ ಪ್ರಿಂಟುಗಳ ಜೊತೆ ಚಾದರ ಒಯ್ಯುತ್ತಿದ್ದೆ, ಸಾಲಿಗೆ ಹೋಗುವವರಿಗೆ ಪಾಟಿಚೀಲ ಒಯ್ಯುತ್ತಿದ್ದೆ. ಯಾರ ಹತ್ತಿರವೂ ಚಂದಾಪಟ್ಟಿ ಎತ್ತಲಿಲ್ಲ. ದುಡಿದಿದ್ದೆ, ಕೊಟ್ಟೆ.

ನನ್ನ ಹೆಂಡತಿ ಅನ್ನುತ್ತಿದ್ದಳು: "ಊರಾಗಿನ ಫೋಟೋದವ್ರು ಮದುವಿ ಸೀಜನ್ ಮುಗದ್ರ ಹೆಂಡ್ರಿಗಿ ಬಂಗಾರ ಮಾಡಸ್ತಾರ. ನಮ್ಮನಿಯಾವ್ರು ನನ್ನ ಬೆಡ್‌ಶೀಟ್ ಗುಡ್ಡಕ್ಕ ಹೊತ್ಕೊಂಡು ಹೊಂಟಾರ ನೋಡ್ರಿ."

ಮದುವೆಯ ಫೋಟೋದಲ್ಲಿ ನನ್ನ ಮಾತು ನಡೆಯುವುದಿಲ್ಲ. ಮದುಮಗಳನ್ನು ಬೆಳ್ಳಗೆ ಮಾಡು ಅಂದರೆ ಮಾಡಬೇಕು, ಆಕಾಶದಲ್ಲಿ ಹಂಸ ಹಾರಿಸು ಅಂದರೆ ಹಾರಿಸಬೇಕು. ಈ ಬೆಡ್‌ಶೀಟಿನ ಮುಂದೆ ಮಾತ್ರ ನಾನು ನನಗೆ ಬೇಕಾದಂತೆ ತೆಗೆದೆ. ಬಣ್ಣ ತಿದ್ದಲಿಲ್ಲ, ಕಲೆ ಅಳಿಸಲಿಲ್ಲ. "ನಗಬ್ಯಾಡ, ಗದ್ದ ಎತ್ತಬ್ಯಾಡ, ನನ್ನ ನೋಡು," ಇಷ್ಟೇ ಹೇಳುತ್ತಿದ್ದೆ. ವರ್ಷ ವರ್ಷಕ್ಕೆ ಅವೇ ಮುಖಗಳು ಹಣ್ಣಾಗುವುದನ್ನು ನೋಡುವುದು ನನಗೆ ಒಂದು ಚಟವಾಯಿತು. ಅವುಗಳಲ್ಲಿ ಯಕ್ಕನ ಮಗಳ ಒಂದು ಫೋಟೋ ಇದೆ. ಹತ್ತನೆತ್ತೆ ಮುಗಿಸಿ ಹೊಲಿಗೆ ಕಲಿತಿದ್ದಳು ಆಗ. ತಾಯಿ ತಂದ ಕೂದಲನ್ನು ಸಿಕ್ಕು ಬಿಡಿಸುತ್ತ ಕುಂತವಳು ಹಂಗೇ ಎದ್ದು ಬಂದು ಕೂತಿದ್ದಳು. ಮಡಿಲ ತುಂಬ ಹತ್ತಾರು ಊರ ಹೆಂಗಸರ ಕೂದಲು, ಕರಿದು, ಬಿಳಿದು, ಗೋರಂಟಿ ಹಚ್ಚಿದ್ದು. ನೆಟ್ಟಗೆ ನನ್ನ ನೋಡುತ್ತಿದ್ದಾಳೆ. ನಾನು ಜೀವಮಾನದಲ್ಲಿ ತೆಗೆದದ್ದರಲ್ಲಿ ಅದೇ ಚೊಲೋ ಫೋಟೋ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಅಲ್ಲಿ ಹೆಣ್ಣುಮಕ್ಕಳಿಗೆ ಬಚ್ಚಲು ಇರಲಿಲ್ಲ. ಬಂಡೆಯ ಮರೆಯಲ್ಲಿ ಸೀರೆ ಕಟ್ಟಿಕೊಂಡು ಮೈ ತೊಳೆಯುತ್ತಿದ್ದರು. ಬಾಗಿಲಿರುವ ಬಚ್ಚಲು ಕಟ್ಟಿಸಬೇಕು ಅಂತ ನನಗೆ ತಲೆಗೆ ಹೊಕ್ಕಿತು. ಅದು ನನ್ನೊಬ್ಬನ ದುಡಿಮೆಯಲ್ಲಿ ಆಗುವಂಥದ್ದಲ್ಲ. ರಾಯಚೂರಿನಲ್ಲಿ ಒಂದು ಹಾಲ್ ಹತ್ತು ದಿನ ಬಾಡಿಗೆಗೆ ಹಿಡಿದು, ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತೂಗುಹಾಕಿದರೆ ಶಕ್ತಿನಗರದ ಇಂಜಿನಿಯರುಗಳು, ಅಕ್ಕಿ ಗಿರಣಿ ಸಾವಕಾರರು ತಗೊಂಡಾರು ಅಂತ ಲೆಕ್ಕ ಹಾಕಿದೆ. ಫೋಟೋದಲ್ಲಿ ಇದ್ದವರನ್ನೆಲ್ಲ ಕೇಳಿದೆ. ಒಪ್ಪಿದರು. ಅಷ್ಟು ಹೊತ್ತಿಗೆ ಯಕ್ಕನ ಮಗಳಿಗೆ ಮಾನ್ವಿ ಕಡೆಯ ಅವರದೇ ಜನದ ಹುಡುಗನ ಜೊತೆ ಮಾತು ಮುಗಿದಿತ್ತು. ಹುಡುಗ ಟಂಟಂ ಆಟೋ ಓಡಿಸುತ್ತಾನೆ, ಕುಡಿಯುವುದಿಲ್ಲ. ಹುಡುಗಿಗೂ ಮನಸ್ಸಿತ್ತು. ಉಗಾದಿ ಆದ ಮೇಲೆ ಮದುವೆ.

ಹಾಲ್ ನೋಡಿಕೊಳ್ಳುವ ಮ್ಯಾನೇಜರ್ ಪ್ರದರ್ಶನ ಶುರುವಾಗುವ ಹಿಂದಿನ ದಿನ ಸಂಜೆ ಒಂದೊಂದು ಫೋಟೋದ ಕೆಳಗೂ ಒಂದೊಂದು ನಂಬರಿನ ಚೀಟಿ ಅಂಟಿಸಿದ. ಯಾರಿಗೆ ಯಾವುದು ಬೇಕು ಅಂತ ಹೇಳಲು ಸುಲಭ, ಎಲ್ಲಾ ಕಡೆ ಹಿಂಗೇ ಮಾಡ್ತಾರ್ರಿ, ಅಂದ. ನನಗೂ ಸರಿ ಕಂಡಿತು. ಹುಡುಗಿಯ ಫೋಟೋಕ್ಕೆ ಬಂದದ್ದು ಹನ್ನೊಂದು.

ಮಸರಕಲ್ ಕಡೆಯವರಿಗೆ ಟೆಂಪೋ ಮಾಡಿಸಿದ್ದೆ. ಹುಡುಗನ ಕಡೆಯವರೂ ಮಾನ್ವಿಯಿಂದ ಬಸ್ಸಿಗೆ ಬಂದರು. ಮುಂದೆ ಹುಡುಗನ ಅಜ್ಜ, ಎಲ್ಲರಿಗೂ ಮುತ್ಯಾ. ಕೆಂಪು ಪಟಗಾ, ಬಿಳಿ ಮೀಸೆ, ಕೈಯಲ್ಲಿ ಕೋಲು. ಅವರ ಮಂದಿಯಲ್ಲಿ ಅವನ ಮಾತು ಅಂದರೆ ಮುಗಿಯಿತು. ನಾನೇ ಎದುರಿಗೆ ಹೋಗಿ ಕೈ ಮುಗಿದೆ. ಎಲ್ಲರೂ ತಮ್ಮ ತಮ್ಮ ಮುಖ ಹುಡುಕಿ ನಗುತ್ತಿದ್ದರು. "ಏ, ನಿನ ಮೂಗ್ ನೋಡಲೇ, ಗ್ವಾಡಿ ದಾಟಿ ಹೊರಗ ಬಂದದ!" ಅಂತ ಒಬ್ಬಳು ಗಂಡನಿಗೆ ಹೇಳುತ್ತಿದ್ದಳು. ಮುತ್ಯಾ ಮಾತ್ರ ಒಂದೊಂದೇ ಫೋಟೋ ನೋಡುತ್ತ ಗೋಡೆಯ ಗುಂಟ ನಡೆದ. ಬಿಳಿ ಹಿನ್ನೆಲೆ, ನೆಟ್ಟಗೆ ನೋಡುವ ಮುಖ, ಅದರ ಕೆಳಗೆ ನಂಬರು. ಮತ್ತೆ ಮುಖ, ಮತ್ತೆ ನಂಬರು. ಹುಡುಗಿಯ ಫೋಟೋದ ಮುಂದೆ ನಿಂತು ಕೋಲಿನಿಂದ ಚೀಟಿ ತೋರಿಸಿದ.

"ಇದೇನು?"

"ನಂಬರ್ ಮುತ್ಯಾ. ತಗೊಳ್ಳಾವ್ರಿಗೆ ಅನುಕೂಲ ಆಗ್ಲಿ ಅಂತ."

"ನಂಬರು," ಅಂದ ಮುತ್ಯಾ. ತಿರುಗಿ ಬಾಗಿಲಿಗೆ ನಡೆದ. ಚಹಾ ತಂದಿಟ್ಟಿದ್ದೆವು, ಮುಟ್ಟಲಿಲ್ಲ. ಅವನ ಹಿಂದೆ ಮಾನ್ವಿಯವರೆಲ್ಲ ಕಪ್ಪು ಕೆಳಗಿಟ್ಟು ಎದ್ದರು. ಹುಡುಗ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ, ಆಮೇಲೆ ಅವನೂ ಹೋದ.

ಮರುದಿನ ಯಕ್ಕ ದೇವದುರ್ಗದ ಅಂಗಡಿಗೆ ಬಂದಳು. ಯಾವಾಗಲೂ ಒಳಗೆ ಬಂದು ಕುರ್ಚಿಯಲ್ಲಿ ಕೂಡುವವಳು ಅವತ್ತು ಹೊರಗೆ ಕಟ್ಟೆಯ ಮೇಲೆ ನಿಂತಳು.

"ಸಂಬಂಧ ಬ್ಯಾಡ ಅಂದ್ರಂತ ಅಣ್ಣಾರ. ಠಾಣಾದ ಗ್ವಾಡಿಗಿ ಏರಿದ ಹುಡುಗಿ ನಮ್ಮನಿಗಿ ಬ್ಯಾಡ ಅಂದಾನ ಮುದುಕ."

"ಯಾವ ಠಾಣಾ? ಯಾರು ಏರಸ್ಯಾರ? ಅದು ಹಾಲ್ ಐತಿ, ಬಾಡಿಗಿ ಕೊಟ್ಟೀನಿ!"

"ನನ್ನ ಮ್ಯಾಲ ಸಿಟ್ಟಾಗಿ ಏನ್ ಮಾಡ್ತೀರಿ? ನಿಮ್ಮನ್ನ ನಾ ಬಲ್ಲೆ, ಅಂವ ಬಲ್ಲನೇನು? ಹುಡುಗಿ ಊಟ ಬಿಟ್ಟಾಳ."

ನನಗೆ ಸಿಟ್ಟು ಬಂದದ್ದು ನಿಜ. ಇಷ್ಟು ವರ್ಷ ಮಾಡಿದ್ದಕ್ಕೆ ಇದಾ ಫಲ ಅನ್ನಿಸಿತು. ನಾನು ಯಾರ ಮುಂದೂ ಹೋಗಿ ಕೈ ಕಟ್ಟಿ ನಿಂತವನಲ್ಲ. ಹೆಂಡತಿ ರೊಟ್ಟಿ ಬಡಿಯುತ್ತ, "ಹುಡುಗಿ ಬಾಳೇವು ದೊಡ್ದೋ ನಿಮ್ಮ ಮೀಸಿ ದೊಡ್ದೋ?" ಅಂದಳು. ಅಷ್ಟೇ ಅಂದಳು. ಮರುದಿನ ಯಕ್ಕನನ್ನೂ ಹುಡುಗಿಯನ್ನೂ ಕರೆದುಕೊಂಡು ಮಾನ್ವಿ ಬಸ್ಸು ಹತ್ತಿದೆ.

ಮಾನ್ವಿ ಕಡೆ ನೀರಾವರಿ. ಕಾಲುವೆಯ ದಂಡೆಯ ಮೇಲೆ ಅವರ ಮನೆಗಳು. ತಾಡಪತ್ರಿ ಹಾಸಿ ಐದಾರು ಹಿರಿಯರು ಕುಂತಿದ್ದರು, ನಡುವೆ ಮುತ್ಯಾ. ನನಗೂ ಅದೇ ತಾಡಪತ್ರಿಯ ಮೇಲೆ ಜಾಗ ಕೊಟ್ಟರು, ನೀರು ಕೊಟ್ಟರು. ತಮ್ಮೊಳಗೆ ಅವರು ತಮ್ಮ ಮಾತಿನಲ್ಲಿ ಏನೋ ಆಡಿಕೊಂಡರು. ಆಮೇಲೆ ಮುತ್ಯಾ ನನಗೆ ತಿಳಿಯಲಿ ಅಂತ ಕನ್ನಡದಲ್ಲಿ ಶುರುಮಾಡಿದ.

"ನಮ್ಮಪ್ಪಂದು ಒಂದಾ ಫೋಟೋ ಇತ್ತು ತಮ್ಮಾ. ನಮ್ಮನಿಯಾಗಲ್ಲ, ಠಾಣಾದಾಗ. ನಮ್ಮ ಮಂದಿ ಅಂದ್ರ ಕಳ್ಳರಂತ ಸರಕಾರದವ್ರು ಬರಕೊಂಡಿದ್ರು, ಬಿಳಿ ಗ್ವಾಡಿಗಿ ನಿಂದ್ರಿಸಿ ತಗದಿದ್ರು. ಎದಿ ಮ್ಯಾಲ ಹಲಗಿ, ಹಲಗಿ ಮ್ಯಾಲ ನಂಬರ್. ಸೀಮ್ಯಾಗ ಯಾರ ಮನಿ ಕೋಳಿ ಹೋದ್ರೂ ಆ ಫೋಟೋ ತಗೊಂಡು ಬರತಿದ್ರು. ಅಂವ ಜ್ವರ ಬಂದು ಮಲಗಿದ್ರೂ ಎಬ್ಬಿಸಿ ಒಯ್ತಿದ್ರು. ಹಾಜರಿ ಹಾಕಾಕ ಹೋದಾಗ ನನ್ನೂ ಕರ್ಕೊಂಡು ಹೋಗ್ತಿದ್ದ. ನಾ ಗ್ವಾಡಿ ನೋಡ್ಕೋತ ನಿಂದರತಿದ್ದೆ. ಎಲ್ಲಾ ನಮ್ಮ ಕಾಕಾಗೋಳು, ನಮ್ಮ ಮಾವಗೋಳು. ಕೆಳಗ ನಂಬರ್."

ಕೂದಲಿನ ಯಕ್ಕನ ಗಂಡ ಫೋಟೋಕ್ಕೆ ಯಾಕೆ ಹೆದರುತ್ತಿದ್ದ, ಮುದುಕರು ಗೋಡೆಗೆ ಮುಖ ಮಾಡಿ ಯಾಕೆ ಮಲಗಿದರು ಅನ್ನುವುದು ನನಗೆ ಆಗ ತಿಳಿಯಿತು.

"ಮುತ್ಯಾ, ಚೀಟಿ ಎಲ್ಲಾ ಕಿತ್ತು ಒಗದೀನಿ," ಅಂದೆ. ಅದು ಖರೆ. ಬಸ್ಸು ಹತ್ತುವ ಮೊದಲು ಮ್ಯಾನೇಜರನಿಗೆ ಫೋನ್ ಮಾಡಿ ಕೀಳಿಸಿದ್ದೆ. "ನೀವು ಹೇಳಿದ್ರ ಹುಡುಗಿ ಫೋಟೋನೂ ಇಳಸ್ತೀನಿ. ಮದುವಿ ನಿಂದರಸಬ್ಯಾಡ್ರಿ."

ಆ ಫೋಟೋ ಇಳಿಸಿದರೆ ಆ ಹಾಲಿನಲ್ಲಿ ಉಳಿಯುವುದು ಏನು? ಆದರೂ ಆ ಮಾತು ಆಡಿದೆ.

"ಇಳಸು," ಅಂದ ಮುತ್ಯಾ. "ಇಳಿಸಿ ನನ್ನ ಕೈಯಾಗ ತಂದು ಕೊಡು. ಒಲಿಗಿ ಹಾಕೂಣು. ಆಮ್ಯಾಲ ಮದುವಿ ಮಾತು."

ತಾಯಿಯ ಬೆನ್ನ ಹಿಂದೆ ಕುಂತಿದ್ದ ಹುಡುಗಿ ಆಗ ಬಾಯಿ ಬಿಟ್ಟಳು. ಅಂಥ ಕಡೆ ಹೆಣ್ಣುಮಕ್ಕಳು ಮಾತಾಡುವ ಪದ್ಧತಿ ಇಲ್ಲ. ಯಕ್ಕ ಅವಳ ತೊಡೆ ಚಿವುಟಿದ್ದು ನನಗೆ ಕಂಡಿತು.

"ಇಳಸಬ್ಯಾಡ್ರಿ ಅಣ್ಣಾ."

"ಸುಮ್ನಿರಬೇ," ಅಂದಳು ಯಕ್ಕ.

"ಯಾಕ್ ಸುಮ್ನಿರ್ಲಿ? ನಾ ಏನು ಕದ್ದೀನಿ? ಮುತ್ಯಾ ಇಳಸು ಅಂತಾನ. ಇಳಿಸಿದ್ರ ನೋಡಿದ ಮಂದಿ ಏನಂತಾರ? ಏನೋ ಮಾಡಿದ್ಲು, ಅದಕ್ಕ ಇಳಿಸ್ಯಾರ ಅಂತಾರ. ಠಾಣಾದಾಗಿನ ಫೋಟೋ ಹಾಕಿದವರು ಬ್ಯಾರೆ, ಇದನ್ನ ಹಾಕಿಸ್ಕೊಂಡಾಕಿ ನಾನು. ಹೋಗಿ ಬೆಡ್‌ಶೀಟಿನ ಮುಂದ ನಾನಾ ಕುಂತೀನಿ. ಮದುವಿ ಆದ್ರ ಆಗ್ಲಿ, ಬಿಟ್ರ ಬಿಡ್ಲಿ, ಒಲಿಗಿ ಮಾತ್ರ ಹಾಕಬ್ಯಾಡ್ರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗ ಟಂಟಂ ಹತ್ತಿರ ನಿಂತವನು ತಲೆ ಕೆಳಗೆ ಹಾಕಿ ಮೀಸೆಯಲ್ಲಿ ನಕ್ಕದ್ದು ನನಗೆ ಕಂಡಿತು. ಮುತ್ಯಾ ಕೋಲಿನಿಂದ ಮಣ್ಣು ಕೆದರುತ್ತ ಕುಂತ. ಬೈದು ಎಬ್ಬಿಸಿ ಕಳಿಸುತ್ತಾನೆ ಅಂದುಕೊಂಡೆ.

"ಹುಡುಗಿಗಿ ಬಾಯಿ ಅದ," ಅಂದ ಕೊನೆಗೆ. "ನಮ್ಮನಿಗಿ ಬಂದ್ರ ನನ್ನ ಹಾರಸ್ತಾಳ." ಯಾರೋ ನಕ್ಕರು. ಮುತ್ಯಾ ನಗಲಿಲ್ಲ. ನನ್ನ ಕಡೆ ತಿರುಗಿದ. "ಆಕಿ ಮಾತು ಖರೆ ಅದ. ಆಕಿ ಫೋಟೋ ಇರ್ಲಿ. ಆದ್ರ ನಂಬರ್ ಹಚ್ಚಿದಾಂವ ನೀನು. ದಂಡ ನಿನಗ."

ಅವರ ಪಂಚಾಯ್ತಿಯಲ್ಲಿ ದಂಡ ಅಂದರೆ ಮಂದಿಗೆ ಊಟ ಹಾಕಿಸುವುದು ಇರುತ್ತದೆ ಅಂತ ಕೇಳಿದ್ದೆ. "ಏನ್ ಹೇಳ್ತಿ ಹೇಳು ಮುತ್ಯಾ, ಕೊಡ್ತೀನಿ," ಅಂದೆ ದೊಡ್ಡದಾಗಿ.

"ನಿನ್ನ ಕೊಡೂದು ಯಾರಿಗಿ ಬೇಕಾಗ್ಯಾದ? ಕೊಟ್ಟು ಕೊಟ್ಟು ನಿನಗ ರೂಢಿ ಆಗ್ಯಾದ. ನೀನೂ ಒಂದು ಫೋಟೋ ತಗಸ್ಕೋ. ಅದಾ ಬಿಳಿ ಅರಿವಿ ಮುಂದ ನಿಂದ್ರು. ಎದಿ ಮ್ಯಾಲ ಹಲಗಿ ಹಿಡಕೊ. ಅದನ್ನ ಒಯ್ದು ಅದಾ ಗ್ವಾಡಿಗಿ ಹಾಕು, ಈ ಹುಡುಗಿ ಬಾಜೂಕ. ನೋಡಾವ್ರು ನೋಡ್ಲಿ. ಆಗ ಮದುವಿ ಆಗ್ತದ."

ಹಲಗೆಯ ಮೇಲೆ ಯಾವ ನಂಬರು ಅಂತ ಕೇಳಿದೆ. ಮುತ್ಯಾನಿಗೆ ಓದು ಬರಹ ಬರುವುದಿಲ್ಲ. ಕೋಲಿನ ತುದಿಯಿಂದ ಮಣ್ಣಿನ ಮೇಲೆ ಚಿತ್ರ ಬರೆದಂತೆ ಎರಡು ಅಂಕಿ ಗೀಚಿದ. ನಾಲ್ಕು, ಮೂರು. ನಲವತ್ಮೂರು. ಅವನ ಅಪ್ಪನ ನಂಬರು.

ದೇವದುರ್ಗಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಯಾರು ಯಾರು ನೋಡುತ್ತಾರೆ ಅಂತ ಲೆಕ್ಕ ಹಾಕುತ್ತ ಕೂತೆ. ರಾಯಚೂರಿನ ಆ ಹಾಲಿಗೆ ನನ್ನ ಗಿರಾಕಿಗಳು ಬರುತ್ತಾರೆ, ಬೇರೆ ಸ್ಟುಡಿಯೋದವರು ಬರುತ್ತಾರೆ. ನನ್ನ ಮಕ್ಕಳ ಸಾಲಿಯ ಮಾಸ್ತರರೂ ಬರಬಹುದು. ಆಗುವುದಿಲ್ಲ ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಹುಡುಗಿ ತಾಯಿಯಿಂದ ಬೈಸಿಕೊಳ್ಳುತ್ತ ಸೇಂಗಾ ತಿನ್ನುತ್ತಿದ್ದಳು. ಊಟ ಬಿಟ್ಟವಳಿಗೆ ಹಸಿವೆ ಆಗಿತ್ತು.

ಮರುದಿನ ಬೆಳಿಗ್ಗೆ ಮಸರಕಲ್ ಆಚೆ ಬೆಡ್‌ಶೀಟು ಕಟ್ಟಿದೆ. ಮುತ್ಯಾ ಮೊಮ್ಮಗನ ಟಂಟಂನಲ್ಲಿ ಬಂದು ಒಂದು ಬಂಡೆಯ ಮೇಲೆ ಕುಂತ. ಮಕ್ಕಳ ಒಂದು ಪಾಟಿಯ ಮೇಲೆ ಸುಣ್ಣದ ಬಳಪದಿಂದ ನಲವತ್ಮೂರು ಬರೆದು ಎದೆಗೆ ಹಿಡಿದು ನಿಂತೆ. ಕ್ಯಾಮೆರಾ ಹುಡುಗಿಯ ಕೈಯಲ್ಲಿ. ಒತ್ತುವುದನ್ನು ಯಾವಾಗಲೋ ಕಲಿಸಿದ್ದೆ.

"ಗದ್ದ ಎತ್ತಬ್ಯಾಡ್ರಿ ಅಣ್ಣಾ," ಅಂದಳು.

ಇಳಿಸಿದೆ.

"ಮತ್ತ ಎತ್ತಿದ್ರಿ."

"ನನ್ನ ಗದ್ದ ಇರೂದಾ ಹಿಂಗ."

"ಇಲ್ರಿ, ಫೋಟೋ ತಗಸ್ಕೊಳ್ಳಾಗ ಹಂಗ ಮಾಡ್ತೀರಿ," ಅಂದಳು. ಸುತ್ತ ನಿಂತ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. "ಗಲ್ಲದ ಮ್ಯಾಲಿನ ಕಲೆ ತಿದ್ದಬ್ಯಾಡಬೇ!" ಅಂತ ಒಬ್ಬಳು ಕೂಗಿದಳು. ಹುಡುಗಿ ಒತ್ತಿದಳು. ಆಮೇಲೆ ಮುತ್ಯಾ ಬಂಡೆಯ ಮೇಲಿಂದಲೇ, "ಬಾಜೂಕ ತಿರುಗಾಕ ಹೇಳು. ಕಿವಿ ಕಾಣಬೇಕು," ಅಂದ. ತಿರುಗಿದೆ. ಪಾಟಿ ಹಗುರ ಇತ್ತು, ಆದರೂ ತೋಳು ನೋಯುತ್ತಿತ್ತು. ಇಷ್ಟು ವರ್ಷ ಎಷ್ಟು ಮಂದಿಯನ್ನು ಹಿಂಗೆ ನಿಲ್ಲಿಸಿದ್ದೆ, ನನ್ನನ್ನು ಯಾರೂ ನಿಲ್ಲಿಸಿರಲಿಲ್ಲ.

ನೆಟ್ಟಗಿನದನ್ನು ಅದೇ ಅಳತೆಗೆ ಪ್ರಿಂಟ್ ಹಾಕಿಸಿ ಹುಡುಗಿಯ ಫೋಟೋದ ಪಕ್ಕದಲ್ಲಿ ತೂಗುಹಾಕಿದೆ. ಮ್ಯಾನೇಜರ್ ಕಣ್ಣು ಬಿಟ್ಟ. "ಏನ್ರೀ ಇದು, ಹಾಲ್ ಮರ್ಯಾದಿ ಪ್ರಶ್ನೆ," ಅಂದ. ಬಾಡಿಗೆ ನಾನು ಕೊಟ್ಟಿದ್ದೇನೆ, ಮರ್ಯಾದೆಯೂ ನನ್ನದೇ ಹೋಗುವುದು ಅಂದೆ. ಒಬ್ಬರು ಗಿರಣಿ ಸಾವಕಾರರು, ಅವರ ಮಗಳ ಮದುವೆಯ ಫೋಟೋ ನಾನೇ ಮಾಡಿದ್ದು, ಫೋಟೋ ನೋಡಿ ನನ್ನ ನೋಡಿ, "ಯಾವ ಕೇಸಿನಾಗಪಾ? ಆಲ್ಬಮ್ ಲೇಟ್ ಮಾಡಿದ್ದಕ್ಕೇನು?" ಅಂದರು. ಒಬ್ಬ ಸ್ಟುಡಿಯೋದವನು ಅದನ್ನು ಮೊಬೈಲಿನಲ್ಲಿ ತೆಗೆದು ವಾಟ್ಸಾಪ್ ಗ್ರೂಪಿಗೆ ಬಿಟ್ಟ. ನನ್ನ ಮಗ ಮನೆಗೆ ಬಂದು ಅದನ್ನು ತಾಯಿಗೆ ತೋರಿಸಿದ. ಅವಳು ನೋಡಿ, "ಕೂದಲ ಬಾಚಿಕೊಂಡು ನಿಂದರಬೇಕಿಲ್ಲೇನು?" ಅಂದಳಂತೆ. ಶಕ್ತಿನಗರದ ಒಬ್ಬ ಇಂಜಿನಿಯರಿಗೆ ಅದೇ ಫೋಟೋ ಬೇಕಾಗಿತ್ತು. "ಇದರಲ್ಲಿ ಏನೋ ಇದೆ," ಅಂದರು. ಅದು ಮಾರುವುದಕ್ಕಲ್ಲ ಸರ್, ದಂಡ ಅದು ಅಂದೆ. ತಿಳಿಯದೆ ಹೋದರು.

ಕಡೆಯ ದಿನ ಮುತ್ಯಾ ಮತ್ತೆ ಬಂದ. ಈ ಸಲ ಮೊದಲು ಚಹಾ ಕುಡಿದ. ನನ್ನ ಫೋಟೋದ ಮುಂದೆ ಕೋಲು ಊರಿ ನಿಂತ. ಮುಖ ನೋಡಲಿಲ್ಲ, ಪಾಟಿ ಹಿಡಿದ ಬೆರಳು ನೋಡುತ್ತಿದ್ದ.

"ನಮ್ಮಪ್ಪ ಹಿಂಗ ಹಿಡಿದಿದ್ದ," ಅಂದ. ಆಮೇಲೆ, "ಈಗ ಇಳಸು. ಸಾಕು."

ಉಗಾದಿ ಆದ ಮೇಲೆ ಕಾಲುವೆಯ ದಂಡೆಯ ಮೇಲೆ ಮದುವೆ ಆಯಿತು. ಫೋಟೋಗಳು ಎಲ್ಲವೂ ಹೋಗಲಿಲ್ಲ, ಅರ್ಧದಷ್ಟು ಹೋದವು. ಬಚ್ಚಲುಗಳಿಗೆ ಗೋಡೆ ಎದ್ದು ಬಾಗಿಲು ಕೂತಿವೆ. ಮೇಲೆ ತಗಡು ಹಾಕುವುದು ಇನ್ನೂ ಬಾಕಿ ಇದೆ, ಈ ಸುಗ್ಗಿ ಮುಗಿದರೆ ಅದೂ ಆಗುತ್ತದೆ. ಕೂದಲಿನ ಹುಡುಗಿಯ ಫೋಟೋವನ್ನು ಅವಳು ಮಾನ್ವಿಗೆ ಒಯ್ದು ಹೊಲಿಗೆ ಮಷೀನಿನ ಮೇಲಿನ ಗೋಡೆಗೆ ಹಾಕಿಕೊಂಡಿದ್ದಾಳೆ.

ಮದುವೆಯ ಫೋಟೋ ನಾನೇ ತೆಗೆದೆ. ಮುತ್ಯಾ ದಿನವಿಡೀ ಓಡಾಡಿದ. ಅಕ್ಷತೆ ಹಾಕಿದ, ಬೀಗರನ್ನು ಕೂಡಿಸಿದ, ಊಟಕ್ಕೆ ಬಡಿಸಿದ. ನಾನು ಕ್ಯಾಮೆರಾ ಎತ್ತಿದಾಗಲೆಲ್ಲ ಬೇರೆ ಕಡೆ ತಿರುಗಿಕೊಂಡ. ಸಿಟ್ಟಿನಿಂದಲ್ಲ, ಮಾತಾಡುತ್ತ ಮಾತಾಡುತ್ತಲೇ ತಿರುಗುತ್ತಿದ್ದ. ನಾನೂ ಒಮ್ಮೆಯೂ ಈ ಕಡೆ ನೋಡು ಅನ್ನಲಿಲ್ಲ. ಆಲ್ಬಮ್ ಮಾಡುವಾಗ ಹುಡುಗ ಅಂಗಡಿಗೆ ಬಂದು ಕಂಪ್ಯೂಟರ್ ನೋಡುತ್ತ ಕುಂತಿದ್ದ.

"ಅಣ್ಣಾ, ಎಲ್ಲಾ ಫೋಟೋದಾಗೂ ಮುತ್ಯಾನ ಬೆನ್ನಾ ಬಂದದಲ್ರಿ. ಪಟಗಾ ಒಂದಾ ಕಾಣ್ತದ. ಕಟ್ ಮಾಡ್ತೀರೇನು?"

"ಇರ್ಲಿ ಬಿಡು," ಅಂದೆ. "ನಿಮ್ಮಜ್ಜ ಅನ್ನೂದು ಯಾರಿಗಾದ್ರೂ ಗೊತ್ತಾಗ್ತದ."